ಉಳುಕಿದ ಕಾಲು, ಮತ್ತೆ ಓಟ: ಮೊದಲ ಹತ್ತು ಹೆಜ್ಜೆ ಗಮನಿಸಿ

(ದೃಶ್ಯ: ಲಾಲ್‌ಬಾಗ್, ಬೆಳಿಗ್ಗೆ ಆರು ಗಂಟೆ. ಒದ್ದೆ ದಾರಿ.)

ನಮಸ್ಕಾರ. ಕಾಲು ಉಳುಕಿದ ಐದನೇ ವಾರ ಆರಾಮಾಗಿ 3 ಕಿಲೋಮೀಟರ್ ಓಡಿದೆ. ಆರನೇ ವಾರ ಒಂದೂವರೆ ಕಿಲೋಮೀಟರಿಗೇ ನಿಲ್ಲಿಸಬೇಕಾಯಿತು. ಅವತ್ತು ತುಂಬಾ ಬೇಜಾರಾಯಿತು. ಅಂಥದೇ ಬೇಜಾರಿನಲ್ಲಿ ಇರುವವರಿಗಾಗಿ ಈ ವಿಡಿಯೋ.

ಮಳೆ ಬಂದ ಮರುದಿನ, ಇಲ್ಲೇ, ಮರದ ಬೇರಿನ ಮೇಲೆ ಕಾಲಿಟ್ಟೆ. ಪಾದ ಒಳಕ್ಕೆ ಮಗುಚಿತು. ಸಂಜೆಗೆ ಪಾದದ ಗಂಟಿನ ಹೊರಮಗ್ಗುಲಲ್ಲಿ ಊತ. ನಾಲ್ಕು ಹೆಜ್ಜೆ ಊರಿ ನಡೆಯಲು ಆಗುತ್ತಿತ್ತು. ಮೂಳೆ ಒತ್ತಿದರೆ ನೋವಿರಲಿಲ್ಲ. ನಿಮಗೆ ನಡೆಯಲು ಆಗದಿದ್ದರೆ, ಇಲ್ಲವೇ ಮೂಳೆ ಒತ್ತಿದರೆ ನೋವಾದರೆ, ಮೊದಲು ಡಾಕ್ಟರ್ ಹತ್ತಿರ ಹೋಗಿ, ಎಕ್ಸ್‌ರೇ ಬೇಕಾಗಬಹುದು.

ಮನೆಯಲ್ಲಿ ‘ಎಣ್ಣೆ ಹಚ್ಚಿ ಉಳುಕು ತೆಗೆಸು’ ಅಂದರು. ಪ್ರೀತಿಯಿಂದಲೇ ಅಂದರು. ಆದರೆ ಮೊದಲ ಎರಡು ಮೂರು ದಿನ ಜೋರಾಗಿ ತಿಕ್ಕಿದರೆ ಊತ ಜಾಸ್ತಿಯಾಗಬಹುದು.

(ಗ್ರಾಫಿಕ್: ಪಾದದ ಗಂಟು, ಹೊರಮಗ್ಗುಲಿನ ಲಿಗಮೆಂಟ್.)

ಉಳುಕಿದಾಗ ಪೆಟ್ಟು ಬೀಳುವುದು ಲಿಗಮೆಂಟ್‌ಗೆ. ಮೂಳೆಗೂ ಮೂಳೆಗೂ ಬಿಗಿದ ಗಟ್ಟಿ ಪಟ್ಟಿ ಅದು. ಸ್ನಾಯುವಿಗೆ ಸಿಗುವಷ್ಟು ರಕ್ತ ಅದಕ್ಕೆ ಸಿಗುವುದಿಲ್ಲ, ಹಾಗಾಗಿ ವಾಸಿಯಾಗುವುದು ನಿಧಾನ. ಪಾದ ಎಷ್ಟು ವಾಲಿದೆ ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವ ನರದ ತುದಿಗಳೂ ಅಲ್ಲೇ ಇವೆ. ನೋವು ಹೋದ ಮೇಲೂ ಆ ಸುದ್ದಿ ಸರಿಯಾಗಿ ಮುಟ್ಟದೇ ಇರಬಹುದು. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕಲು ಇದೂ ಒಂದು ಕಾರಣ. ಹಲ್ಲುಜ್ಜುವಾಗ 30 ಸೆಕೆಂಡ್ ಒಂಟಿ ಕಾಲಲ್ಲಿ ನಿಂತು ನೋಡಿ. ಎರಡು ಕಾಲಿಗೂ ಇರುವ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ದಿನಾ ಮಾಡಿ. ನನಗೆ ಇದರಷ್ಟು ಉಪಯೋಗ ಬೇರೆ ಯಾವುದರಿಂದಲೂ ಆಗಲಿಲ್ಲ.

ಕುಂಟದೆ 30 ನಿಮಿಷ ಬಿರುಸಾಗಿ ನಡೆಯಲು ಬಂದ ಮೇಲೆ ಓಟ ಶುರುಮಾಡಿದೆ. 1 ನಿಮಿಷ ಓಟ, 2 ನಿಮಿಷ ನಡಿಗೆ, ಆರು ಸಲ. ಮೊದಮೊದಲು ದಿನ ಬಿಟ್ಟು ದಿನ, ಸಮತಟ್ಟು ದಾರಿಯಲ್ಲಿ. ಇಲ್ಲಿನ ಕೆಂಪೇಗೌಡ ಗೋಪುರದ ಬಂಡೆ ಹತ್ತುವುದು ಸದ್ಯಕ್ಕೆ ಬೇಡ.

(ದೃಶ್ಯ: ಹಾಸಿಗೆಯಿಂದ ಇಳಿಯುವ ಪಾದಗಳು.)

ಓಡುವಾಗ ನೋವು ಹತ್ತಕ್ಕೆ ಮೂರರೊಳಗಿದ್ದರೆ (ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯಲಾಗದ ನೋವು) ಸಾಮಾನ್ಯವಾಗಿ ಪರವಾಗಿಲ್ಲ. ಆದರೆ ನಿಜವಾದ ಉತ್ತರ ಸಿಗುವುದು ಮರುದಿನ ಬೆಳಿಗ್ಗೆ, ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆಯಲ್ಲಿ. ಬಿಗಿತ ಹಿಂದಿನ ದಿನಕ್ಕಿಂತ ಜಾಸ್ತಿ ಇದೆಯಾ? ಊತ ಬಂದಿದೆಯಾ? ಎರಡರಲ್ಲಿ ಒಂದಿದ್ದರೂ ಅವತ್ತು ಬಿಡುವು, ಆಮೇಲೆ ಒಂದು ಹಂತ ಹಿಂದಕ್ಕೆ.

ಆರನೇ ವಾರ ನಾನು ತಪ್ಪು ಮಾಡಿದ್ದು ಈ ವಿಷಯದಲ್ಲೇ. ಎರಡು ಮೂರು ವಾರ ಓಟ ಬಿಟ್ಟರೆ ದಮ್ಮು ಕಡಿಮೆಯಾಗುತ್ತದೆ, ನಿಜ. ಆದರೆ ಅದು ಬೇಗ ವಾಪಸ್ ಬರುತ್ತದೆ. ಲಿಗಮೆಂಟ್ ಅಷ್ಟು ಬೇಗ ವಾಸಿಯಾಗುವುದಿಲ್ಲ. ದಮ್ಮಿದೆ ಅಂತ ವೇಗ ಹೆಚ್ಚಿಸಿದೆ. ಹಿಂದಿನ ರಾತ್ರಿ ನಿದ್ದೆಯೂ ಕೆಟ್ಟಿತ್ತು. ಮರುದಿನ ಊತ.

ಆಗಿನಿಂದ ಇವತ್ತನ್ನು ನಿನ್ನೆಗೆ ಹೋಲಿಸುವುದು ಬಿಟ್ಟೆ. ಡೈರಿಯಲ್ಲಿ ಎರಡು ವಾರ ಹಿಂದಿನ ಪುಟ ತೆಗೆದು ನೋಡುತ್ತೇನೆ. ಅಲ್ಲಿ ‘ಮೆಟ್ಟಿಲು ಇಳಿಯುವಾಗ ನೋವು’ ಅಂತಿದೆ. ಈಗ ಮೆಟ್ಟಿಲಿನ ನೆನಪೇ ಇಲ್ಲ.

ನಿನ್ನೆ 4 ಕಿಲೋಮೀಟರ್ ಆಯಿತು. ಇವತ್ತು ಬೆಳಿಗ್ಗೆ ಹತ್ತು ಹೆಜ್ಜೆಯಲ್ಲಿ ಸ್ವಲ್ಪ ಬಿಗಿತ ಇತ್ತು. ಅದಕ್ಕೇ ಇವತ್ತು ಓಟ ಇಲ್ಲ. ಕೆರೆಯ ಸುತ್ತ ಒಂದು ಸುತ್ತು ನಡೆದು, ಮನೆಗೆ ಹೋಗುತ್ತೇನೆ.

(ದೃಶ್ಯ: ಕೆರೆಯ ದಾರಿ, ನಿಧಾನ ನಡಿಗೆ.)