ಬೆಟ್ಟಕ್ಕೂ ಒಬ್ಬ ತಾಂಡೇಲ

ಎಲ್ಲರಿಗೂ ನಮಸ್ಕಾರ. ಹೊರಗೆ ಈ ಸೆಖೆ, ಒಳಗೆ ಫ್ಯಾನಿನಡಿ ಕೂತು ಹಿಮದ ಕಥೆ ಕೇಳಲಿಕ್ಕೆ ಇಷ್ಟು ಜನ ಬಂದಿದ್ದೀರಿ. ನಮ್ಮ ಮಂಗಳೂರಿನವರಿಗೆ ಗೊತ್ತಿರುವ ಹಿಮ ಅಂದ್ರೆ ಧಕ್ಕೆಯಲ್ಲಿ ಬಂಗುಡೆ ಮೇಲೆ ಸುರಿಯುವ ಐಸ್ ಮಾತ್ರ. ನನಗೂ ನಲವತ್ತು ದಾಟುವ ತನಕ ಅಷ್ಟೇ ಗೊತ್ತಿತ್ತು. ಹಾಗಾಗಿ ನಾನು ಇಲ್ಲಿ ಮಾತಾಡ್ತಿರುವುದು ಸ್ಕೀಯಿಂಗ್, ಅಂದ್ರೆ ಕಾಲಿಗೆ ಸ್ಕೀ ಅನ್ನುವ ಉದ್ದ ಹಲಗೆ ಕಟ್ಟಿ ಹಿಮದ ಮೇಲೆ ಜಾರುವ ಆಟದ ಪಂಡಿತನಾಗಿ ಅಲ್ಲ, ತಡವಾಗಿ ಕಲಿತು ಬೇಗ ಪೆಟ್ಟು ತಿಂದವನಾಗಿ.

ಫೆಬ್ರವರಿಗೆ ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಟವರು ಇಲ್ಲಿ ಹನ್ನೊಂದು ಮಂದಿ ಇದ್ದೀರಿ. ಉಳಿದವರು ಬಹುಶಃ ಚಹಾಕ್ಕೆ ಬಂದವರು, ಅದಕ್ಕೂ ತೊಂದರೆ ಇಲ್ಲ.

ಮೊದಲು ಒಂದು ಕಹಿ ಮಾತು ಹೇಳಿಬಿಡ್ತೇನೆ. ಪೌಡರ್, ಅಂದ್ರೆ ಆಗಷ್ಟೇ ಬಿದ್ದ, ಯಾರೂ ತುಳಿಯದ ಪುಡಿಹಿಮ, ಮೊದಲ ವರ್ಷದವರಿಗೆ ಅಲ್ಲ. ಯಂತ್ರ ಓಡಿಸಿ ಹದ ಮಾಡಿದ ಇಳಿಜಾರಿನಲ್ಲಿ ಎಡಕ್ಕೆ ಬಲಕ್ಕೆ ತಿರುಗುತ್ತಾ, ಬೇಕೆಂದಲ್ಲಿ ನಿಲ್ಲಲಿಕ್ಕೆ ಬರಬೇಕು. ಅದು ಬಾರದವರು ಗುಲ್ಮಾರ್ಗ್‌ನಲ್ಲೇ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಉಂಟು, ಉತ್ತರಾಖಂಡದ ಔಲಿಯೂ ಉಂಟು, ಅಲ್ಲಿ ಕಲಿತು ಬನ್ನಿ. ದಕ್ಷಿಣದವರಿಗೆ ಇದೆಲ್ಲ ಆಗುವುದಲ್ಲ ಅಂತ ಮಾತ್ರ ಹೇಳಬೇಡಿ. ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶಕ್ಕೆ ಆಡಿದ ಭವಾನಿ ತೆಕ್ಕಡ ನಮ್ಮ ಪಕ್ಕದ ಕೊಡಗಿನವರು.

ನನ್ನ ದೊಡ್ಡಪ್ಪ ಮಲ್ಪೆಯಲ್ಲಿ ತಾಂಡೇಲರಾಗಿದ್ದರು, ಅಂದ್ರೆ ಮೀನಿನ ಬೋಟು ನಡೆಸುವ ಮುಖ್ಯಸ್ಥ. ಬೋಟಿನಲ್ಲಿ ತಾಂಡೇಲನ ಮಾತು ಅಂದ್ರೆ ಏನು ಅಂತ ಇಲ್ಲಿ ಕೆಲವರಿಗಾದರೂ ಗೊತ್ತು. ಅಳಿವೆ ಬಾಗಿಲಿನ ತನಕ ಹೋಗಿ, ನೀರು ನೋಡಿ, "ಇವತ್ತು ಬೇಡ" ಅಂದ್ರೆ ಬೋಟು ತಿರುಗಿಸುವುದೇ. ಡೀಸೆಲ್ ಹಾಕಿಸಿದ್ದೇವೆ, ಐಸ್ ತುಂಬಿಸಿದ್ದೇವೆ ಅಂತ ಯಾರೂ ಲೆಕ್ಕ ಹೇಳುವ ಹಾಗಿಲ್ಲ. ಹಿಮಕ್ಕೆ ಹೋಗುವವರ ತಯಾರಿಯಲ್ಲಿ ಸಾಮಾನು ಖರೀದಿ ಸುಲಭದ ಭಾಗ. ಕಷ್ಟ ಇರುವುದು "ಬೇಡ" ಅಂದಾಗ ತಿರುಗುವ ಈ ವಿದ್ಯೆಯಲ್ಲಿ. ಅದಕ್ಕೆ ಆಮೇಲೆ ಬರ್ತೇನೆ.

ದೇಹದ ವಿಷಯ. ಜಿಮ್ಮಿನಲ್ಲಿ ಟ್ರೆಡ್‌ಮಿಲ್ ಮೇಲೆ ಓಡಿದರೆ ಉಸಿರು ಬೆಳೀತದೆ, ಒಳ್ಳೆಯದೇ. ಆದ್ರೆ ಪೌಡರಿನಲ್ಲಿ ಸೋಲುವುದು ತೊಡೆ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ಹಿಡಿಯಬೇಕು, ಅದು ಹತ್ತುವ ಕೆಲಸಕ್ಕಿಂತ ಬೇರೆ. ಅದಕ್ಕೆ ನಮ್ಮಲ್ಲಿ ಗಡಾಯಿಕಲ್ಲಿಗಿಂತ ಒಳ್ಳೆಯ ಗುರು ಇಲ್ಲ. ಬೆಳ್ತಂಗಡಿ ದಾಟಿ ಹೋಗಿ, ಪ್ರವೇಶ ಉಂಟಾ ಅಂತ ಮೊದಲೇ ವಿಚಾರಿಸಿ, ಆ ಕಲ್ಲಿನ ಮೆಟ್ಟಿಲು ಹತ್ತಿ. ಎಲ್ಲರೂ ಹತ್ತಿದ್ದರ ಫೋಟೋ ಹಾಕ್ತಾರೆ. ನಿಮಗೆ ಬೇಕಾದದ್ದು ಇಳಿಯುವುದು. ನಿಧಾನ, ಮೊಣಕಾಲು ಮಡಚಿ, ಧಡಧಡ ಕಾಲು ಎತ್ತಿ ಹಾಕದೆ ಇಳಿಯಿರಿ. ಮರುದಿನ ಕಕ್ಕಸಿಗೆ ಕೂರಲಿಕ್ಕೆ ಕಷ್ಟವಾದರೆ ಅಭ್ಯಾಸ ಸರಿ ದಾರಿಯಲ್ಲಿ ಉಂಟು ಅಂತ ತಿಳಿಯಿರಿ.

ಹದ ಮಾಡಿದ ಇಳಿಜಾರಿನಲ್ಲಿ ತಿರುವಿನ ಹೊರಬದಿಯ ಸ್ಕೀ ಮೇಲೆ ಹೆಚ್ಚು ಭಾರ ಹಾಕಿ ಕಲಿತಿರ್ತೀರಿ. ಪುಡಿಹಿಮದಲ್ಲಿ ಹಾಗೆ ಮಾಡಿದರೆ ಭಾರ ಬಿದ್ದ ಕಾಲು ಮುಳುಗ್ತದೆ, ಇನ್ನೊಂದು ತೇಲ್ತದೆ, ನೀವು ಅಡಿಮೇಲು. ಎರಡೂ ಕಾಲಿನ ಮೇಲೆ ಸಮ ಭಾರ ಬೇಕು. ಸ್ಕೀ ಕೂಡ ಅಗಲದ್ದು ಬೇಕು, ನಡುಭಾಗ 100 ಮಿಲಿಮೀಟರಿಗಿಂತ ಹೆಚ್ಚು. ಬಾಡಿಗೆಗೆ ಸಿಗ್ತದೆ, ಆದ್ರೆ ಬೂಟು ಮಾತ್ರ ಸಿಕ್ಕಿದ್ದು ಹಾಕಿಕೊಳ್ಳಬೇಡಿ, ಅರ್ಧ ಗಂಟೆ ಹಾಕಿ ಕೂತು ನೋಡಿ. ಬಿದ್ದು ಕಳಚಿಹೋದ ಸ್ಕೀ ಹುಡುಕುವಾಗ ಎಲ್ಲರೂ ಕೆಳಗೆ ನೋಡ್ತಾರೆ. ಅದು ಸಾಮಾನ್ಯವಾಗಿ ನೀವು ಬಿದ್ದ ಜಾಗದಿಂದ ಮೇಲೇ ಹೂತುಕೊಂಡಿರ್ತದೆ.

ಸ್ನೋಬೋರ್ಡಿನವರಿಗೆ ಒಂದು ಖುಷಿಯ ಸುದ್ದಿ. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್‌ನಲ್ಲಿ ಶೆರ್ಮನ್ ಪಾಪನ್ ಅಂತ ಒಬ್ಬರು ಮಕ್ಕಳಿಗಾಗಿ ಎರಡು ಸ್ಕೀ ಜೋಡಿಸಿ ಒಂದು ಹಲಗೆ ಮಾಡಿದರು. ಸ್ನೋ ಮತ್ತು ಸರ್ಫ್ ಸೇರಿಸಿ ಅದಕ್ಕೆ ಸ್ನರ್ಫರ್ ಅಂತ ಹೆಸರು ಬಂತು. ಇವತ್ತಿನ ಸ್ನೋಬೋರ್ಡ್ ಅದರ ಮೊಮ್ಮಗು. ಮೂಲ್ಕಿ, ಸಸಿಹಿತ್ಲುವಿನಲ್ಲಿ ಅಲೆಯ ಮೇಲೆ ನಿಂತು ಅಭ್ಯಾಸ ಇರುವ ಹುಡುಗರಿಗೆ ಪುಡಿಹಿಮ ಅಷ್ಟು ಪರಕೀಯ ಅನ್ನಿಸುವುದಿಲ್ಲ. ಸಮತಟ್ಟು ಜಾಗ ಬಂದಾಗ ಮಾತ್ರ ಸ್ಕೀಯವರು ಕೋಲು ಊರಿ ಮುಂದೆ ಹೋಗ್ತಾರೆ, ಬೋರ್ಡಿನವರು ಸೊಂಟದ ತನಕ ಹೂತು ನಿಂತು ಬೈತಾ ಇರ್ತಾರೆ.

ಈಗ ನನ್ನ ಒಂದು ಪೆದ್ದುತನ. ಮೊದಲ ಸಲ ಬೆಳಿಗ್ಗೆ ಬಜ್ಪೆಯಲ್ಲಿ ವಿಮಾನ ಹತ್ತಿ, ದೆಹಲಿಯಲ್ಲಿ ಬದಲಿಸಿ, ರಾತ್ರಿಗೆ ಗುಲ್ಮಾರ್ಗ್ ಸೇರಿದೆ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರ. ಮರುದಿನ ಬೆಳಿಗ್ಗೆ ಗೊಂಡೋಲಾ, ಅಂದ್ರೆ ಬೆಟ್ಟ ಹತ್ತಿಸುವ ಕೇಬಲ್ ಕಾರ್, ಅದರ ಮೊದಲ ಹಂತದಲ್ಲಿ ಕೊಂಗ್‌ಡೂರಿ, ಎರಡನೇ ಹಂತದಲ್ಲಿ ಅಫರ್ವತ್ ಬೆಟ್ಟದ ಭುಜಕ್ಕೆ, ಹತ್ತಿರ ಹತ್ತಿರ 3,950 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕಡಲ ಬದಿಯದ್ದರ ಶೇ 60ಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ತಲೆ ಸಿಡೀತಾ ಉಂಟು, ಹೊಟ್ಟೆ ತೊಳಸ್ತಾ ಉಂಟು. ನಾನು ಅದನ್ನು ಹಿಂದಿನ ರಾತ್ರಿಯ ಊಟದ ಮೇಲೆ ಹಾಕಿದೆ. ಎರಡು ದಿನ ಕಂಬಳಿಯೊಳಗೆ ಕಳೆದೆ. ಆದ್ದರಿಂದ ಮೊದಲ ಒಂದೆರಡು ದಿನ ಕೆಳಗಿನ ಇಳಿಜಾರಿನಲ್ಲೇ ಇರಿ, ನೀರು ಕುಡಿಯಿರಿ, ತಲೆನೋವು ಬಂದರೆ ಮೇಲೆ ಹೋಗಬೇಡಿ. ಕಡಿಮೆಯಾಗದಿದ್ದರೆ ಕೆಳಗೆ ಇಳಿಯಿರಿ. ಬಿಪಿ, ಹೃದಯದ ತೊಂದರೆ ಇರುವವರು ಹೊರಡುವ ಮೊದಲೇ ಡಾಕ್ಟರಲ್ಲಿ ಮಾತಾಡಿ.

ಬಟ್ಟೆಯ ಬಗ್ಗೆ ಒಂದೇ ಮಾತು: ಹತ್ತಿ ಬನಿಯನ್ ಮನೆಯಲ್ಲೇ ಬಿಟ್ಟು ಬನ್ನಿ. ಇಲ್ಲಿ ಬೆವರು ಹೀರುವ ಅದರ ಗುಣವೇ ಅಲ್ಲಿ ಶತ್ರು, ಒದ್ದೆಯಾದರೆ ಒಣಗುವುದಿಲ್ಲ, ಮೈಯ ಬಿಸಿ ಎಳೆದುಕೊಳ್ತದೆ. ಒಳಗೆ ಉಣ್ಣೆಯದ್ದೋ ಸಿಂಥೆಟಿಕ್‌ದೋ, ನಡುವೆ ಫ್ಲೀಸ್, ಹೊರಗೆ ಗಾಳಿ ನೀರು ತಡೆಯುವ ಜಾಕೆಟ್. ಗಾಗಲ್ಸ್ ಮತ್ತು ಸನ್‌ಸ್ಕ್ರೀನ್ ಶೋಕಿ ಅಲ್ಲ, ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣದ ಬಹುಪಾಲನ್ನು ಮುಖಕ್ಕೇ ತಿರುಗಿಸಿ ಹೊಡೀತದೆ.

ಇನ್ನು ನಿಜವಾದ ವಿಷಯ, ಹಿಮಕುಸಿತ. ಗೊಂಡೋಲಾದ ಪಕ್ಕದ ಇಳಿಜಾರನ್ನು ಅಲ್ಲಿನ ಸ್ಕೀ ಪಟ್ರೋಲ್‌ನವರು ನೋಡಿಕೊಳ್ತಾರೆ. ಅದರಾಚೆ ಕಾಲಿಟ್ಟರೆ ಬ್ಯಾಕ್‌ಕಂಟ್ರಿ, ಕಾವಲಿಲ್ಲದ ಬೆಟ್ಟ. ಅದೇ ಅಫರ್ವತ್‌ನ ಹಾಪತ್‌ಖುದ್‌ನಲ್ಲಿ 2023ರ ಫೆಬ್ರವರಿ 1ರಂದು ಪೋಲೆಂಡಿನ ಇಬ್ಬರು ಸ್ಕೀಯರುಗಳು ಸತ್ತರು. ಮರುವರ್ಷ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲೇ ರಷ್ಯಾದವರೊಬ್ಬರು. ಅನುಭವ ಇದ್ದರೂ ಹಿಮ ರಿಯಾಯಿತಿ ಕೊಡುವುದಿಲ್ಲ.

ಹಿಮ ಯಾಕೆ ಜಾರ್ತದೆ? ಪತ್ರೊಡೆಯನ್ನು ಅಡ್ಡ ಕತ್ತರಿಸಿದಾಗ ಎಲೆ, ಹಿಟ್ಟು, ಎಲೆ, ಹಿಟ್ಟು ಅಂತ ಪದರ ಕಾಣ್ತದಲ್ಲ, ಬೆಟ್ಟದ ಮೇಲಿನ ಹಿಮವೂ ಹಾಗೆ. ಪ್ರತಿಯೊಂದು ಹಿಮಪಾತ ಒಂದು ಪದರ. ಚಳಿಗಾಲದ ಆರಂಭದಲ್ಲಿ ತೆಳ್ಳಗೆ ಹಿಮ ಬಿದ್ದು, ಆಮೇಲೆ ವಾರಗಟ್ಟಲೆ ಒಣ ಚಳಿ ಬಂತು ಅಂತ ಇಟ್ಟುಕೊಳ್ಳಿ. ನೆಲದ ಹತ್ತಿರದ ಹಿಮ ಒಂದಕ್ಕೊಂದು ಅಂಟದ ಸಕ್ಕರೆ ಕಾಳಿನ ಹಾಗೆ ಆಗ್ತದೆ. ಆಮೇಲೆ ಪಶ್ಚಿಮದ ಮಾರುತ ಬಂದು ಅದರ ಮೇಲೆ ಎರಡು ಮೂರು ಅಡಿ ಹೊಸ ಹಿಮ ಹೊರಿಸ್ತದೆ. ಸಕ್ಕರೆ ಹರಡಿದ ಮೇಜಿನ ಮೇಲೆ ಹಲಗೆ ಇಟ್ಟು ಮೇಜು ಓರೆ ಮಾಡಿ ನೋಡಿ, ಅಷ್ಟೇ ಸಂಗತಿ. ನಾವು ಫೆಬ್ರವರಿಯಲ್ಲಿ ಜಾರುವುದು ಡಿಸೆಂಬರಿನ ಹವಾಮಾನದ ಮೇಲೆ. ಚಿಲ್ಲೈ ಕಲಾನ್, ಅಂದ್ರೆ ಡಿಸೆಂಬರ್ 21ರಿಂದ ಕಾಶ್ಮೀರದವರು ಎಣಿಸುವ ಆ 40 ದಿನಗಳ ಗಡಗಡ ಚಳಿಯಲ್ಲಿ ಎಷ್ಟು ಹಿಮ ಬಿತ್ತು, ಎಷ್ಟು ದಿನ ಖಾಲಿ ಹೋಯ್ತು ಅಂತ ಈಗಿನಿಂದಲೇ ಬರೆದಿಟ್ಟುಕೊಳ್ಳಿ ಅಂತ ನಾನು ಹೇಳುವುದು ಅದಕ್ಕೇ.

ಮೇಜು ಎಷ್ಟು ಓರೆಯಾಗಬೇಕು? ಇಂಥ ಕುಸಿತ ಹೆಚ್ಚಾಗಿ ಶುರುವಾಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಎಷ್ಟು ಅಂತ ಕಣ್ಣಿಗೆ ಕಟ್ಟಬೇಕಾದರೆ ಅಜ್ಜನ ಮನೆಯ ಹಂಚಿನ ಮಾಡು ನೋಡಿ. ಮಳೆನೀರು ಇಳಿದುಹೋಗಲಿ ಅಂತ ನಾವು ಕೊಟ್ಟ ಆ ಓರೆ ಸುಮಾರು 30 ಡಿಗ್ರಿ. 1865ರಲ್ಲಿ ಇಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿದ್ದು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್‌ನವರು. ಅದೇ ದೇಶದ ದಾವೋಸ್‌ನಲ್ಲಿ ಇವತ್ತು ಹಿಮಕುಸಿತದ ಸಂಶೋಧನೆಗೆಂದೇ ಸಂಸ್ಥೆ ಉಂಟು. ಇರಲಿ, ವಿಷಯಾಂತರ ಆಯ್ತು. ಮಾಡಿನಷ್ಟು ಓರೆಯೋ ಅದಕ್ಕಿಂತ ಹೆಚ್ಚೋ ಅಂತ ಕಂಡಲ್ಲಿ ನಿಂತು ಯೋಚಿಸಿ. ಕಾಲಡಿಯಲ್ಲಿ ಹಿಮ "ಧುಂ" ಅಂತ ಕುಸಿದ ಸದ್ದು ಬಂದರೆ, ಸ್ಕೀಯಿಂದ ಬಿರುಕು ಮುಂದೆ ಓಡಿದರೆ, ಪಕ್ಕದಲ್ಲಿ ಹೊಸದಾಗಿ ಜಾರಿದ ಗುರುತಿದ್ದರೆ ಯೋಚಿಸುವುದೂ ಬೇಡ, ತಿರುಗಿ. ಇನ್ನೊಂದು: ಸ್ಕೀಯರುಗಳನ್ನು ಕೊಂದ ಹಿಮವನ್ನು ಬಹುತೇಕ ಸಲ ಎಬ್ಬಿಸಿದವರು ಅವರೇ, ಇಲ್ಲವೇ ಅವರ ಜೊತೆಯವರು.

ಹೂತುಹೋದವರಿಗೆ ಎಷ್ಟು ಸಮಯ? ಸ್ವಿಟ್ಜರ್ಲೆಂಡಿನ ದಾಖಲೆಗಳ ಪ್ರಕಾರ 10 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕ್ತಾರೆ. ಅರ್ಧ ಗಂಟೆಯಾದರೆ ಮೂವರಲ್ಲಿ ಒಬ್ಬ. ಅಷ್ಟರೊಳಗೆ ಕೆಳಗಿನಿಂದ ರಕ್ಷಣಾ ತಂಡ ಬರಲಿಕ್ಕೆ ಸಾಧ್ಯವೇ ಇಲ್ಲ. ತೆಗೆಯಬೇಕಾದವರು ನೀವೇ. ಹಾಗಾಗಿ ಬೀಕನ್, ಅಂದ್ರೆ ಮೈಗೆ ಕಟ್ಟಿಕೊಳ್ಳುವ ಸಂಕೇತದ ಯಂತ್ರ, ಪ್ರೋಬ್, ಅಂದ್ರೆ ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು, ಮತ್ತೆ ಲೋಹದ ಸಲಿಕೆ, ಈ ಮೂರೂ ಪ್ರತಿಯೊಬ್ಬರ ಹತ್ತಿರ ಇರಬೇಕು. ಬೀಕನ್ 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸ್ತಾ ಇರ್ತದೆ, ಹುಡುಕುವವರು ತಮ್ಮದನ್ನು ಹುಡುಕುವ ಸ್ಥಿತಿಗೆ ತಿರುಗಿಸಬೇಕು. ಮೊಬೈಲ್ ಹತ್ತಿರ ಇದ್ದರೆ ಅದು ಗಲಿಬಿಲಿಯಾಗ್ತದೆ.

ಕಳೆದ ಸಲದ ತಂಡದವರು ತಣ್ಣೀರುಬಾವಿ ಬೀಚಿನಲ್ಲಿ ಇದನ್ನು ಅಭ್ಯಾಸ ಮಾಡಿದೆವು. ಗೋಣಿಚೀಲದಲ್ಲಿ ಬೀಕನ್ ಕಟ್ಟಿ ಮರಳಲ್ಲಿ ಹುಗಿದು, ಬೆನ್ನು ತಿರುಗಿಸಿ ನಿಂತವರನ್ನು ಹುಡುಕಲಿಕ್ಕೆ ಬಿಟ್ಟೆವು. ಮೊದಲ ದಿನ ನಮಗೆ ಬೇಕಾದದ್ದು 19 ನಿಮಿಷ. ಅಂದ್ರೆ ಗೋಣಿಚೀಲ ಸತ್ತುಹೋಯ್ತು ಅಂತಲೇ ಲೆಕ್ಕ. ಬೀಕನಿನ ಪರದೆಯ ಬಾಣದ ಗುರುತು ನೇರ ಕರ್ಕೊಂಡು ಹೋಗುವುದಿಲ್ಲ, ಬಾಗಿದ ದಾರಿಯಲ್ಲಿ ಕರ್ಕೊಂಡು ಹೋಗ್ತದೆ, ನಾವು ಅದರ ಜೊತೆ ಜಗಳಕ್ಕೆ ನಿಂತಿದ್ದೆವು. ಹತ್ತಿರ ಬಂದಾಗ ಬೀಕನನ್ನು ನೆಲಕ್ಕೆ ತಾಗಿಸಿಕೊಂಡು ನಿಧಾನ ಆಗಬೇಕು, ಅಲ್ಲೇ ಎಲ್ಲರೂ ಓಡ್ತಾರೆ. ಪ್ರೋಬ್ ತಾಗಿದ ಮೇಲೆ ಅದರ ಬುಡದಲ್ಲೇ ನೇರ ಕೆಳಗೆ ಅಗೆಯಬಾರದು, ಇಳಿಜಾರಿನ ಕೆಳಬದಿಯಿಂದ ಒಳಕ್ಕೆ ಅಗೆಯಬೇಕು. ತಿಂಗಳ ಕೊನೆಗೆ 6 ನಿಮಿಷಕ್ಕೆ ಇಳಿಯಿತು. ಅಷ್ಟರಲ್ಲಿ ವಾಕಿಂಗಿಗೆ ಬಂದ ಒಬ್ಬರು ಹಿರಿಯರು ದಿನಾ ನಿಂತು ನೋಡಿ, "ಎಂತ ಮಾರಾಯ್ರೆ, ಸರ ಬಿದ್ದುಹೋಯ್ತಾ?" ಅಂತ ಕೇಳಿ, ಒಂದು ದಿನ ತಾವೂ ಸಲಿಕೆ ಹಿಡಿದರು.

ಗೈಡ್ ಬಗ್ಗೆ. ಬುಕ್ ಮಾಡುವಾಗ ದರ ಕೇಳುವ ಮೊದಲು ಕೇಳಿ: ಬೀಕನ್ ನೀವೇ ಕೊಡ್ತೀರಾ, ಮೊದಲ ದಿನ ಅಭ್ಯಾಸ ಮಾಡಿಸ್ತೀರಾ, ಒಬ್ಬ ಗೈಡಿಗೆ ಎಷ್ಟು ಜನ, ತರಬೇತಿ ಎಲ್ಲಿ ಆದದ್ದು, ಅಪಘಾತ ಆದರೆ ಯಾರಿಗೆ ಹೇಗೆ ಸುದ್ದಿ ಹೋಗ್ತದೆ. ಇದಕ್ಕೆ ಬೇಸರಪಡುವ ಗೈಡ್ ಬೇಡ. ವಿಮೆ ಪಾಲಿಸಿಯನ್ನೂ ಓದಿ, ಸಾಹಸ ಕ್ರೀಡೆಯನ್ನು ಹೊರಗಿಟ್ಟ ಪಾಲಿಸಿಗಳು ಬೇಕಾದಷ್ಟು ಉಂಟು.

ಎರಡನೇ ಸಲ ಹೋದಾಗ ನಮ್ಮ ಗೈಡ್ ಟಂಗ್‌ಮಾರ್ಗ್ ಕಡೆಯ ಹುಡುಗ, ನನ್ನ ಅರ್ಧ ವಯಸ್ಸು. ಮೇಲೆ ತಲುಪಿದೆವು. ನೀಲಿ ಆಕಾಶ, ಎರಡಡಿ ಹೊಸ ಹಿಮ, ಒಂದು ಗೆರೆ ಬಿದ್ದಿರಲಿಲ್ಲ. ಅವನು ಕೋಲು ತಿರುಗಿಸಿ ಹಿಮಕ್ಕೆ ಒತ್ತಿದ, ಒತ್ತಿದ, ತಳದಲ್ಲಿ ಅದು ಸರಕ್ಕನೆ ಒಳಗಿಳಿಯಿತು. ಬ್ಯಾಗ್ ಕೆಳಗಿಟ್ಟು ಅದರ ಮೇಲೆ ಕೂತು, "ಆಜ್ ನಹೀಂ" ಅಂದ. ನಾನು ವಿಮಾನದ ಟಿಕೆಟಿನಿಂದ ಹಿಡಿದು ರಜೆಯ ತನಕ ಎಲ್ಲ ಲೆಕ್ಕ ಹೇಳಿದೆ. ಅವನು ವಾದ ಮಾಡಲಿಲ್ಲ, ಏಳಲೂ ಇಲ್ಲ. ದೊಡ್ಡಪ್ಪ ಅಳಿವೆಯಲ್ಲಿ ನೀರು ನೋಡ್ತಾ ಸುಮ್ಮನೆ ನಿಲ್ಲುತ್ತಿದ್ದದ್ದು ನೆನಪಾಯ್ತು. ಪಟ್ರೋಲ್‌ನವರ ಇಳಿಜಾರಿನಲ್ಲೇ ಇಳಿದು ಬಂದೆವು.

ಆ ದಿನ ಆ ಇಳಿಜಾರು ಕುಸಿಯಿತಾ ಅಂತ ಕೇಳ್ತೀರಿ. ಇಲ್ಲ. ಸಂಜೆ ತನಕ ಹಾಗೇ ಇತ್ತು, ಮಧ್ಯಾಹ್ನ ಬೇರೆ ಯಾರೋ ಇಬ್ಬರು ಅಲ್ಲೇ ಚಂದಕ್ಕೆ ಇಳಿದು ಹೋದರು. ನಮ್ಮವರಲ್ಲಿ ಒಬ್ಬರು ಇವತ್ತಿಗೂ ನನ್ನ ಹತ್ತಿರ ಅದನ್ನೇ ಹೇಳ್ತಾರೆ. ಅವರಿಗೆ ಕೊಡಲಿಕ್ಕೆ ನನ್ನಲ್ಲಿ ಸಾಕ್ಷಿ ಇಲ್ಲ. ತೂಫಾನ್ ಬಾರದ ದಿನ ದಡದಲ್ಲಿ ಉಳಿದ ತಾಂಡೇಲನ ಹತ್ತಿರವೂ ಇರುವುದಿಲ್ಲ. ಸಾಕ್ಷಿ ಸಿಗದೆಯೂ ಕೇಳ್ತೇನೆ ಅನ್ನುವವರು ಮಾತ್ರ ಹನ್ನೊಂದರ ಪಟ್ಟಿಯಲ್ಲಿ ಹೆಸರು ಇಟ್ಟುಕೊಳ್ಳಿ, ಉಳಿದವರು ಅಡ್ವಾನ್ಸ್ ವಾಪಸ್ ತಕ್ಕೊಳ್ಳಿ, ನನಗೆ ಬೇಸರ ಇಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ಸುಲ್ತಾನ್ ಬತ್ತೇರಿಯಲ್ಲಿ ಸೇರಿ ದೋಣಿ ದಾಟಿ ತಣ್ಣೀರುಬಾವಿಗೆ ಹೋಗುವ. ಗೋಣಿಚೀಲ ನಾನು ತರ್ತೇನೆ, ಸಲಿಕೆ ನೀವು ತನ್ನಿ. ಈಗ ಚಹಾ ಬಂತು ಕಾಣ್ತದೆ, ಪ್ರಶ್ನೆ ಇದ್ದವರು ಲೋಟ ಹಿಡ್ಕೊಂಡೇ ಕೇಳಿ.