ಬೋರ್ಡಿನ ಮೇಲಿನ ಅಕ್ಷರಗಳು

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಅರಿವಳಿಕೆ ಡಾಕ್ಟರ್, ಅಂದರೆ ಅನಸ್ತೇಷಿಯಾದವನು. ಆಪರೇಷನ್ ಆದ ಮೇಲೆ ಸರ್ಜನ್‌ಗೆ ಧಾರವಾಡ ಪೇಢೆ ಬರುತ್ತದೆ. ನಾನು ಯಾರು ಅಂತ ಕೇಳಿದರೆ, "ಇಂಜೆಕ್ಷನ್ ಮಾಡಿದ್ರಲ್ಲ, ಅವರು" ಅನ್ನುತ್ತಾರೆ. ಬೇಜಾರಿಲ್ಲ, ಪೇಢೆಯಲ್ಲಿ ನನಗೂ ಪಾಲಿರುತ್ತದೆ.

ಗದಗದಿಂದ ಹುಬ್ಬಳ್ಳಿಗೆ ತೋರಿಸಲು ಬರುವವರಿಗೆ ಬೋರ್ಡು ನೋಡಿಯೇ ತಲೆ ಕೆಡುತ್ತದೆ. ಎಂ.ಡಿ., ಎಂ.ಎಸ್., ಡಿ.ಎಂ., ಎಂ.ಸಿಎಚ್. ಲೆಕ್ಕ ಅಷ್ಟು ಕಷ್ಟದ್ದಲ್ಲ. ಎಂಬಿಬಿಎಸ್ ಮುಗಿಯಲು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ 3 ವರ್ಷ ಓದಿದರೆ ಎಂ.ಡಿ. ಅಥವಾ ಎಂ.ಎಸ್. ಹೆಚ್ಚುಕಮ್ಮಿ ಎಂ.ಎಸ್. ಅಂದರೆ ಆಪರೇಷನ್ ಮಾಡುವವರು. ಮತ್ತೆ 3 ವರ್ಷ ಒಂದೇ ವಿಷಯ ಹಿಡಿದು ಕೂತರೆ ಔಷಧಿಯವರು ಡಿ.ಎಂ., ಸರ್ಜನ್‌ಗಳು ಎಂ.ಸಿಎಚ್.

ಹಾಗಾಗಿ 'ಕಿಡ್ನಿ ಡಾಕ್ಟರ್' ಇಬ್ಬರು. ರೋಣದ ಕಡೆಯ ರೈತರೊಬ್ಬರು ಹರಳಿನ ನೋವಿನಲ್ಲಿ ಸೊಂಟ ಹಿಡಿದುಕೊಂಡೇ ನೆಫ್ರಾಲಜಿಸ್ಟ್ ಪಾಳಿಯಲ್ಲಿ ಅರ್ಧ ದಿನ ಕೂತಿದ್ದರು. ಒಳಗೆ ಹೋದರೆ, "ಯೂರಾಲಜಿಸ್ಟ್‌ಗೆ ತೋರಿಸ್ರಿ" ಅಂದರು. ಕಿಡ್ನಿ ಒಂದು ಜರಡಿ. ಸಕ್ಕರೆ ಕಾಯಿಲೆಯಿಂದಲೋ ಬಿಪಿಯಿಂದಲೋ ಜರಡಿಯೇ ಕೆಟ್ಟು ರಕ್ತದಲ್ಲಿ ಕ್ರಿಯಾಟಿನಿನ್ ಅನ್ನುವ ಕಸ ಏರಿದರೆ ನೆಫ್ರಾಲಜಿಸ್ಟ್. ಡಯಾಲಿಸಿಸ್ ನೋಡುವವರೂ ಅವರೇ. ಹರಳು, ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಅಂತ ಮೂತ್ರದ ಪೈಪು ಕಟ್ಟಿಕೊಂಡರೆ ಯೂರಾಲಜಿಸ್ಟ್. ಮೊದಲೇ ಊರಿನ ಡಾಕ್ಟರನ್ನು ಕೇಳಿದ್ದರೆ ಆ ಅರ್ಧ ದಿನ ಉಳಿಯುತ್ತಿತ್ತು, ಅಲ್ವಾ?

ಮೆದುಳಿಗೂ ಹಾಗೇ ನ್ಯೂರಾಲಜಿಸ್ಟ್, ನ್ಯೂರೋಸರ್ಜನ್ ಬೇರೆ ಬೇರೆ. ಆದರೆ ಬಾಯಿ ಸೊಟ್ಟಗಾಗಿ ಕೈ ಬಿದ್ದುಹೋದಾಗ, ಅಂದರೆ ಲಕ್ವಾ ಹೊಡೆದಾಗ, ಡಾಕ್ಟರ್ ಹೆಸರು ಹುಡುಕುತ್ತ ಕೂರಬೇಡಿ. ಹತ್ತಿರದಲ್ಲಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಿ. ಮೆದುಳಿನ ರಕ್ತನಾಳ ಕಟ್ಟಿದ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ, ಲಕ್ಷಣ ಶುರುವಾದಾಗಿನಿಂದ ಸಾಮಾನ್ಯವಾಗಿ ನಾಲ್ಕೂವರೆ ತಾಸಷ್ಟೇ ಸಮಯ.

ಪೇಷಂಟ್ ಮುಖವನ್ನೇ ನೋಡದ ಡಾಕ್ಟರ್‌ಗಳೂ ಇದ್ದಾರೆ. ಗಂಟು ತೆಗೆಯುವವರು ಸರ್ಜನ್. ಅದು ಕ್ಯಾನ್ಸರ್ ಹೌದೋ ಅಲ್ಲವೋ ಹೇಳುವವರು ಮೈಕ್ರೋಸ್ಕೋಪ್ ಮುಂದೆ ಕೂತ ಪೆಥಾಲಜಿಸ್ಟ್.

ಇನ್ನು ನಮ್ಮ ಕೆಲಸ. ನಿದ್ದೆ ಬರಿಸಿ ಎದ್ದುಹೋಗುವುದಿಲ್ಲ. ಕೊನೆಯವರೆಗೂ ತಲೆಯ ಹತ್ತಿರವೇ ಇದ್ದು ಉಸಿರು, ನಾಡಿ, ಬಿಪಿ ನೋಡಿಕೊಳ್ಳುತ್ತೇವೆ. ಮೊದಲ ಪರೀಕ್ಷೆ ಬಾಯಿಯದು. "ಬಾಯಿ ತೆಗೀರಿ, ಮೂರು ಬೆರಳು ಹೋಗ್ತಾವೇನು?" ಗುಟ್ಕಾ ತಿಂದ ಹುಡುಗರಲ್ಲಿ ಕೆಲವರಿಗೆ ಒಂದೇ ಬೆರಳು ಹೋಗುತ್ತದೆ. ಅಂಥವರಿಗೆ ಉಸಿರಿನ ನಳಿಗೆಯನ್ನು ಎಷ್ಟೋ ಸಲ ಎಚ್ಚರ ಇರುವಾಗಲೇ ಕ್ಯಾಮೆರಾ ಹಿಡಿದು ಮೂಗಿನಿಂದ ಇಳಿಸಬೇಕು. ಅವರಿಗೂ ಹಿಂಸೆ, ನಮಗೂ ಎದೆ ಢವಢವ.

ಎರಡನೆಯದು ಹೊಟ್ಟೆ. ಒಬ್ಬ ಯಜಮಾನರು ಹರ್ನಿಯಾ ಆಪರೇಷನ್‌ಗೆ ಟೇಬಲ್ ಮೇಲೆ ಮಲಗಿದ್ದರು. ಸುಮ್ನೆ ಇನ್ನೊಮ್ಮೆ ಕೇಳಿದೆ, "ಏನಾದ್ರೂ ತಿಂದೀರೇನ್ರಿ?"

"ಏನಿಲ್ರಿ. ಚಾ ಅಷ್ಟ ಕುಡದೇನ್ರಿ."

ಬರೀ ನೀರಾಗಿದ್ದರೆ ಎರಡು ತಾಸು ಸಾಕು. ಹಾಲು ಹಾಕಿದ ಚಹಾ ನಮ್ಮ ಲೆಕ್ಕದಲ್ಲಿ ಊಟವೇ, ಆರು ತಾಸು ಕಾಯಬೇಕು. ಮಂಪರಿನಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಮರುದಿನಕ್ಕೆ ಹಾಕಿದೆವು. ಅವರ ಮಗ ನನ್ನ ಮೇಲೆ ಕೂಗಾಡಿದ. ಮರುದಿನ ಆಪರೇಷನ್ ಮುಗಿದು ಯಜಮಾನರು ಕಣ್ಣು ಬಿಟ್ಟರು. ಮೊದಲು ಕೇಳಿದ್ದು, "ಡಾಕ್ಟರ್, ಈಗ ಚಾ ಕುಡೀಬಹುದೇನ್ರಿ?"