ನೀಲಗಿರಿ ತೋಪಿಗೆ ಇಳಿಯುವ ಟ್ರ್ಯಾಕ್ಟರ್

ರೈತ ಬಾಂಧವರಿಗೆ ನಮಸ್ಕಾರ.

ಹೊಸದಾಗಿ ನೀಲಗಿರಿ ಹಾಕುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಅದಕ್ಕೂ ಮುಂಚೆ ನೆಟ್ಟ ತೋಪುಗಳು ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇನ್ನೂ ಇವೆ; ಕಡಿದಷ್ಟೂ ಬುಡದಿಂದ ಚಿಗುರುತ್ತವೆ. ದಿಮ್ಮಿ ಲಾರಿ ಹತ್ತಿ ಹೋದ ಮೇಲೆ ತುದಿ, ರೆಂಬೆ, ಸೊಟ್ಟ ಕಟ್ಟಿಗೆ ಹೊಲದಲ್ಲೇ ಉಳಿಯುತ್ತದೆ. ಅದಕ್ಕೆ ಬೆಂಕಿ ಇಡುವ ಬದಲು ಕಟ್ಟಿಗೆಯನ್ನು ಸಣ್ಣ ಚೂರು ಮಾಡುವ ಚಿಪ್ಪರ್ ಯಂತ್ರಕ್ಕೆ ಕೊಟ್ಟರೆ ಬಾಯ್ಲರಿಗೆ ಉರುವಲಾಗುತ್ತದೆ, ಮಾವಿನ ಮರದ ಬುಡಕ್ಕೆ ಮುಚ್ಚಿಗೆಯೂ ಆಗುತ್ತದೆ. ಉಳುಮೆಗೆಂದು ತಂದ 35–40 ಎಚ್‌ಪಿ ಟ್ರ್ಯಾಕ್ಟರ್ ಈ ಕೆಲಸಕ್ಕೆ ಏದುಸಿರು ಬಿಡುತ್ತದೆ. ದೊಡ್ಡದು ಕೊಳ್ಳಬೇಕು ಅನ್ನುವವರು ಏನೇನು ನೋಡಬೇಕು, ಇವತ್ತು ಅದನ್ನು ಹೇಳುತ್ತೇನೆ.

ಬಾನೆಟ್ ಮೇಲೆ ಬರೆದ ಎಚ್‌ಪಿ ಇಂಜಿನ್ನಿನದು. ಚಿಪ್ಪರ್ ತಿರುಗುವುದು ಹಿಂದಿನ ಪಿಟಿಒ ಶಾಫ್ಟಿನಿಂದ, ಅಂದರೆ ಹಿಂದೆ ಕಟ್ಟಿದ ಯಂತ್ರಕ್ಕೆ ಇಂಜಿನ್ನಿನ ಶಕ್ತಿ ಕೊಡುವ ತಿರುಗುವ ದಂಡದಿಂದ. ಇಂಜಿನ್ನಿನಿಂದ ಅಲ್ಲಿಗೆ ಬರುವಷ್ಟರಲ್ಲಿ ಶಕ್ತಿ ನೂರಕ್ಕೆ ಹತ್ತು ಹದಿನೈದು ಪಾಲು ಕಡಿಮೆಯಾಗುತ್ತದೆ. 50 ಎಚ್‌ಪಿ ಟ್ರ್ಯಾಕ್ಟರ್ ಅಂದರೆ ಚಿಪ್ಪರಿಗೆ ಸಿಗುವುದು 42ರಿಂದ 45 ಎಚ್‌ಪಿ ಅಷ್ಟೆ. ಆರು ಇಂಚು ದಪ್ಪದ ಹಸಿ ನೀಲಗಿರಿಯನ್ನು ಬಿಡುವಿಲ್ಲದೆ ನುಂಗಿಸಲು ಪಿಟಿಒದಲ್ಲೇ 45ರಿಂದ 50 ಎಚ್‌ಪಿ ಬೇಕು, ಅಂದರೆ ಇಂಜಿನ್ 55ರ ಮೇಲಿರಬೇಕು. ತಿಪಟೂರು, ಗುಬ್ಬಿ ಕಡೆ ತೆಂಗಿನ ಗರಿ ಮಾತ್ರ ಪುಡಿ ಮಾಡುವವರಿಗೆ 35ರಿಂದ 45 ಎಚ್‌ಪಿ ಸಾಕು. ಅವರು ದೊಡ್ಡ ಟ್ರ್ಯಾಕ್ಟರಿಗೆ ಸಾಲ ಮಾಡುವ ಅಗತ್ಯವೇ ಇಲ್ಲ.

ಪಿಟಿಒ ಎಚ್‌ಪಿ ಎಷ್ಟು ಅಂತ ಮಾರುವವರ ಬಾಯಿಮಾತಿನಲ್ಲಿ ಕೇಳಬೇಡಿ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ಪರೀಕ್ಷಾ ಸಂಸ್ಥೆ ಇದೆ. ಅದರ ಪರೀಕ್ಷಾ ವರದಿ ಕೇಳಿ ತರಿಸಿಕೊಳ್ಳಿ. ಪಿಟಿಒ ಶಕ್ತಿ, ಲಿಫ್ಟ್ ಎತ್ತುವ ತೂಕ, ಗಂಟೆಗೆ ಕುಡಿಯುವ ಡೀಸೆಲ್ ಎಲ್ಲವೂ ಅದರಲ್ಲಿರುತ್ತದೆ. ಅದೇ ವರದಿಯಲ್ಲಿ ಇಂಜಿನ್ ಎಷ್ಟು ಆರ್‌ಪಿಎಂನಲ್ಲಿ ಓಡಿದಾಗ ಪಿಟಿಒ 540 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ 540 ಸುತ್ತಿಗೆ, ಬರುತ್ತದೆ ಎಂದೂ ನೋಡಿ. ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಎಕಾನಮಿ ಪಿಟಿಒ ಅಂತ ಇನ್ನೊಂದು ಗೇರ್ ಇರುತ್ತದೆ. ಅದರಲ್ಲಿ ಇಂಜಿನ್ ನಿಧಾನ ಓಡಿಯೂ 540 ಸಿಗುತ್ತದೆ. ನೀರಿನ ಪಂಪು, ಔಷಧಿ ಸಿಂಪಡಣೆಗೆ ಅದು ಒಳ್ಳೆಯದು. ಚಿಪ್ಪರಿಗೆ ಹಾಕಿದರೆ ದಪ್ಪ ಕಟ್ಟಿಗೆ ಸಿಕ್ಕ ಕೂಡಲೇ ಇಂಜಿನ್ ಕುಗ್ಗಿ ನಿಂತುಹೋಗುತ್ತದೆ.

50 ಎಚ್‌ಪಿ ಮೇಲಿನ ಹೊಸ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಟ್ರೆಮ್ ನಾಲ್ಕನೇ ಹಂತದ ಹೊಗೆ ನಿಯಮ ಬಂದಿದೆ. ಅವುಗಳಲ್ಲಿ ಡೀಸೆಲ್ ಒದಗಿಸುವುದನ್ನು ಕಂಪ್ಯೂಟರ್ ಪೆಟ್ಟಿಗೆಯೇ ನಿಯಂತ್ರಿಸುತ್ತದೆ. ನೀರು, ಕಸ ಇರುವ ಡೀಸೆಲ್ ಇದಕ್ಕೆ ಆಗದು. ಕ್ಯಾನಿನಲ್ಲಿ ತಂದು ತೋಪಿನಲ್ಲೇ ಸುರಿಯುವವರು ಸೋಸದೆ ಹಾಕಲೇಬಾರದು. ರಿಪೇರಿಯೂ ಊರ ಮೆಕ್ಯಾನಿಕ್ ಕೈಗೆ ಸಿಗುವಂಥದ್ದಲ್ಲ. ಸರ್ವಿಸ್ ಸೆಂಟರ್ ನಿಮ್ಮ ತಾಲ್ಲೂಕಿನಲ್ಲೇ ಇದೆಯೇ, ಇಲ್ಲ ಬೆಂಗಳೂರಿನಿಂದಲೇ ಬರಬೇಕೇ ಎಂಬುದನ್ನು ಮೊದಲೇ ಕೇಳಿಕೊಳ್ಳಿ.

ಇನ್ನು ತೂಕದ ವಿಷಯ. ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2,200 ಕೆಜಿ ತೂಕದ ಟ್ರ್ಯಾಕ್ಟರಿನಲ್ಲಿ ಮುಂದಿನ ಚಕ್ರಗಳ ಮೇಲೆ ಸುಮಾರು 800 ಕೆಜಿ ಇದೆ ಅಂದುಕೊಳ್ಳಿ. ಹಿಂದಕ್ಕೆ 600 ಕೆಜಿ ಚಿಪ್ಪರ್ ಕಟ್ಟಿ ಎತ್ತುತ್ತೀರಿ. ಅದರ ಭಾರ ಹಿಂದಿನ ಆಕ್ಸಲ್‌ನಿಂದ ಒಂದೂವರೆ ಮೀಟರ್ ಆಚೆ ಬೀಳುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇರುವುದು ಎರಡು ಮೀಟರ್ ಚಿಲ್ಲರೆ. ಏತ ಜಗ್ಗಿದ ಹಾಗೆ ಮುಂದಿನ ಚಕ್ರದಿಂದ 430 ಕೆಜಿ ಎದ್ದುಬಿಡುತ್ತದೆ. ಉಳಿಯುವುದು 370. ಒಟ್ಟು ತೂಕದಲ್ಲಿ ಐದನೇ ಒಂದು ಪಾಲಾದರೂ ಮುಂದೆ ಇರದಿದ್ದರೆ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಇಲ್ಲಿ 560 ಕೆಜಿ ಬೇಕಿತ್ತು. ಆದ್ದರಿಂದ ಬಂಪರಿಗೆ 175ರಿಂದ 200 ಕೆಜಿ ವೆಯ್ಟ್ ಹಾಕಲೇಬೇಕು. ಲೆಕ್ಕ ತಲೆಗೆ ಹತ್ತದಿದ್ದರೆ ಚಿಪ್ಪರ್ ಎತ್ತಿಕೊಂಡೇ ವೇ ಬ್ರಿಡ್ಜಿಗೆ ಹೋಗಿ. ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಒಂದು ಸಲ ತೂಗಿ, ಇಡೀ ಗಾಡಿ ಹತ್ತಿಸಿ ಇನ್ನೊಂದು ಸಲ ತೂಗಿ. ಎರಡು ಚೀಟಿ ಕೈಗೆ ಬಂದರೆ ಉತ್ತರ ಸಿಕ್ಕಂತೆ.

ಲಿಫ್ಟ್ ಎರಡು ಟನ್ ಎತ್ತುತ್ತದೆ ಅಂತ ಹೇಳಿದರೆ, ಎಲ್ಲಿ ಅಳೆದದ್ದು ಅಂತ ಕೇಳಿ. ಲಿಂಕ್ ಅನ್ನುವ ಹಿಂದಿನ ತೋಳುಗಳ ತುದಿಯಲ್ಲಿ ಎತ್ತುವಷ್ಟು ತೂಕವನ್ನು ಅದರಿಂದ ಎರಡು ಅಡಿ ಹಿಂದೆ ಎತ್ತಲಾರದು. ಚಿಪ್ಪರಿನ ಭಾರ ಇರುವುದು ಆ ಎರಡು ಅಡಿ ಹಿಂದೆಯೇ. ಕೆಳಗಿನ ಲಿಂಕ್ ಪಿನ್ನು 28 ಮಿಲಿಮೀಟರ್, ಅಂದರೆ ಎರಡನೇ ಕೆಟಗರಿಯದು ಇರಲಿ. 22ರ ಪಿನ್ನಿಗೆ ಬುಷ್ ಹಾಕಿ ಸುಧಾರಿಸಿದರೆ ಆಟ ಬಂದು ಪಿನ್ನು ತುಂಡಾಗುತ್ತದೆ.

ದಿಮ್ಮಿ ಎಳೆಯುವುದಿದ್ದರೆ ಸರಪಳಿಯನ್ನು ಕೆಳಗಿನ ಡ್ರಾಬಾರಿಗೆ, ಅಂದರೆ ಎಳೆಯಲೆಂದೇ ಹಿಂದೆ ಇರುವ ಪಟ್ಟಿಗೆ, ಮಾತ್ರ ಕಟ್ಟಿ. ಟಾಪ್ ಲಿಂಕಿಗಾಗಲಿ ಆಕ್ಸಲ್ಲಿಗಾಗಲಿ ಬೇಡ. ಹಾಗೆ ಮೇಲೆ ಕಟ್ಟಿದಾಗ ದಿಮ್ಮಿ ಮೋಟಿಗೆ ಸಿಕ್ಕಿಕೊಂಡರೆ ಗಾಡಿ ಮುಂದೆ ಹೋಗಲಾರದೆ ಮುಂಗಾಲೆತ್ತಿ ಹಿಂದಕ್ಕೆ ಮಗುಚುತ್ತದೆ. ಒಂದೂವರೆ ಸೆಕೆಂಡ್ ಸಾಕು, ಕ್ಲಚ್ ತುಳಿಯಲೂ ಹೊತ್ತಿರುವುದಿಲ್ಲ. ತಲೆ ಕಾಯುವ ಕಬ್ಬಿಣದ ಚೌಕಟ್ಟು, ಸೀಟ್ ಬೆಲ್ಟ್ ಎರಡೂ ಇಲ್ಲದ ಟ್ರ್ಯಾಕ್ಟರನ್ನು ದಯವಿಟ್ಟು ತೋಪಿಗೆ ಇಳಿಸಬೇಡಿ. ಕಡಿದ ಮೋಟುಗಳ ಮಧ್ಯೆ, ಬಂಡೆ ಎದ್ದ ಇಳಿಜಾರಿನಲ್ಲಿ ಓಡಾಡುವವರಿಗೆ ಫೋರ್ ವೀಲ್ ಡ್ರೈವ್ ದುಡ್ಡಿಗೆ ಮೋಸವಿಲ್ಲ. ಇಂಜಿನ್ನಿನ ಹೊಟ್ಟೆಗೆ ಕಬ್ಬಿಣದ ತಟ್ಟೆ, ಟೈರಿನ ವಾಲ್ವಿಗೆ ಗಾರ್ಡು ಹಾಕಿಸಿ.

ಉಳುವಾಗ ಟ್ರ್ಯಾಕ್ಟರ್ ನಡೆಯುತ್ತಿರುತ್ತದೆ. ಚಿಪ್ಪರ್ ಓಡುವಾಗ ಗಂಟೆಗಟ್ಟಲೆ ಪೂರ್ತಿ ಭಾರ ಹೊತ್ತು ಒಂದೇ ಕಡೆ ನಿಂತಿರುತ್ತದೆ. ಸಿಡಿಯುವ ಸಿಬಿರು, ಒಣ ಎಲೆ ಎಲ್ಲವನ್ನೂ ಫ್ಯಾನು ಎಳೆದುಕೊಂಡು ರೇಡಿಯೇಟರಿಗೆ ಅಂಟಿಸುತ್ತದೆ. ಮುಂದಿನ ಜಾಲರಿ ಸುಲಭವಾಗಿ ಬಿಚ್ಚಲು ಬರಬೇಕು, ಷೋರೂಮಿನಲ್ಲೇ ಬಿಚ್ಚಿ ನೋಡಿ. ಸ್ಪ್ಯಾನರ್ ಬೇಕಾದರೆ ತೋಪಿನಲ್ಲಿ ಯಾರೂ ಬಿಚ್ಚುವುದಿಲ್ಲ, ಮಧ್ಯಾಹ್ನದೊಳಗೆ ಇಂಜಿನ್ ವಿಪರೀತ ಬಿಸಿಯಾಗುತ್ತದೆ. ಗಾಳಿಗೆ ಎದುರಾಗಿ ಮೂತಿ ಇಟ್ಟು ನಿಲ್ಲಿಸಿದರೆ ಧೂಳು ಹಿಂದಕ್ಕೇ ಹೋಗುತ್ತದೆ.

ಕ್ಲಚ್ ಪೆಡಲಿಗೆ ಸಂಬಂಧವಿಲ್ಲದೆ ಬೇರೆ ಲಿವರಿನಲ್ಲಿ ಹಾಕುವ ಪಿಟಿಒ ಇದ್ದರೆ ಉತ್ತಮ. ಪಿಟಿಒ ಬಿಡಿಸಿದ ಮೇಲೂ ಚಿಪ್ಪರಿನ ಭಾರದ ಚಕ್ರ ಸುಮ್ಮನೆ ನಿಲ್ಲುವುದಿಲ್ಲ. ಆ ತಿರುಗುವ ರಭಸ ಗೇರಿಗೆ ವಾಪಸ್ ಬರದಂತೆ ಶಾಫ್ಟಿಗೆ ಓವರ್‌ರನ್ ಕ್ಲಚ್ ಇರಬೇಕು. ಪಿಟಿಒ ಹಾಕುವಾಗ ಇಂಜಿನ್ ಸಾವಿರ ಆರ್‌ಪಿಎಂ ಒಳಗಿರಲಿ, ಆಮೇಲೆ ನಿಧಾನಕ್ಕೆ ಏರಿಸಿ. ಜೋರಾಗಿ ಓಡುವಾಗ ಹಾಕಿದರೆ ಶಿಯರ್ ಬೋಲ್ಟ್, ಅಂದರೆ ಭಾರ ಮಿತಿ ಮೀರಿದರೆ ತಾನೇ ಮೊದಲು ಮುರಿಯಲೆಂದು ಹಾಕಿರುವ ಬೋಲ್ಟ್, ತುಂಡಾಗುತ್ತದೆ. ಅದರ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕಿದರೆ ಮುರಿಯುವುದು ಗೇರ್ ಬಾಕ್ಸು. 540 ಆರ್‌ಪಿಎಂ ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಲುಂಗಿ ಅಂಚು, ಸೀರೆ ಸೆರಗು, ಟವೆಲ್ ಒಂದು ಸಲ ಸುತ್ತಿಕೊಂಡರೆ ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ಶಾಫ್ಟಿನ ಪ್ಲಾಸ್ಟಿಕ್ ಕೊಳವೆ ಕಿತ್ತು ಬಿಸಾಡಬೇಡಿ.

ಟ್ರ್ಯಾಕ್ಟರಿಗೆ ದಮ್ಮಿಲ್ಲ ಅನ್ನುವ ಮೊದಲು ಚಿಪ್ಪರಿನ ಬ್ಲೇಡ್ ನೋಡಿ. ಮಣ್ಣು ಮೆತ್ತಿದ ಕಟ್ಟಿಗೆ ಕೊಟ್ಟರೆ ಅರ್ಧ ದಿನದಲ್ಲೇ ಅದು ಮೊಂಡಾಗುತ್ತದೆ. ಚೌಕ ತುಂಡು ಬರುವ ಬದಲು ನಾರು ನಾರಾಗಿ ಬೀಳತೊಡಗಿದರೆ ಮಸೆಯಬೇಕು ಅಂತ ಅರ್ಥ.

55 ಎಚ್‌ಪಿ ಇಂಜಿನ್ ಪೂರ್ತಿ ಭಾರದಲ್ಲಿ ಗಂಟೆಗೆ 12 ಲೀಟರ್ ಡೀಸೆಲ್ ಕುಡಿಯಬಹುದು. ಚಿಪ್ಪರ್ ಕೆಲಸದಲ್ಲಿ ಬಿಟ್ಟು ಬಿಟ್ಟು ಕಟ್ಟಿಗೆ ಕೊಡುವುದರಿಂದ 7ರಿಂದ 9 ಲೀಟರ್ ಹಿಡಿಯುತ್ತದೆ. ಬಾಡಿಗೆ ದರ ಕಟ್ಟುವಾಗ ಇದೇ ಲೆಕ್ಕ ಇಟ್ಟುಕೊಳ್ಳಿ.

ಕೊಳ್ಳುವ ಮುಂಚೆ ಡೆಮೋಗೆ ಟ್ರ್ಯಾಕ್ಟರನ್ನು ನಿಮ್ಮ ತೋಪಿಗೇ ಕರೆಸಿ. ಟ್ಯಾಂಕ್ ತುಂಬಿಸಿ, ನಿಮ್ಮಲ್ಲಿರುವ ಅತಿ ದಪ್ಪ ಕಟ್ಟಿಗೆಯನ್ನೇ ಕೊಟ್ಟು ಎರಡು ಗಂಟೆ ಓಡಿಸಿ, ಮತ್ತೆ ತುಂಬಿಸಿ ಅಳೆಯಿರಿ. ಟೆಂಪರೇಚರ್ ಮುಳ್ಳು ಎಲ್ಲಿ ನಿಂತಿದೆ ನೋಡಿ. ಇಂಜಿನ್ ಆರಿಸಿ, ಎಲ್ಲವೂ ತಿರುಗುವುದು ನಿಂತ ಮೇಲೆ ಪಿಟಿಒ ಶಾಫ್ಟಿನ ಬುಡವನ್ನು ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಎಣ್ಣೆ ಹತ್ತಿದರೆ ಸೀಲ್ ಒಸರುತ್ತಿದೆ. ಆ ಗಾಡಿಗೆ ಮುಂಗಡ ಕೊಡಬೇಡಿ.

ನಮಸ್ಕಾರ.